ಗೆಜ್ಜೆ, ಗಂಟೆ, ಖಾಲಿ ತೋಟಾ: ಹಿತ್ತಾಳೆ ತೊಳೆಯುವ ಡ್ರಮ್

ಪ್ರಶ್ನೆ: ಗಂಗಾವತಿಯಲ್ಲಿ ಎತ್ತಿನ ಗೆಜ್ಜೆ, ಕೊರಳ ಗಂಟೆ, ಪೂಜೆಯ ದೀಪ ಮಾರುವ ಸಣ್ಣ ಅಂಗಡಿ ನಮ್ಮದು. ಹಳೆಯದನ್ನು ತೊಳೆದು ಕೊಡುವ ಕೆಲಸವೂ ಉಂಟು. ಕಾರಹುಣ್ಣಿಮೆ ಹತ್ತಿರ ಬಂತೆಂದರೆ ದಿನಕ್ಕೆ 15-20 ಕೆಜಿ ಸಾಮಾನು ಬಂದು ಬೀಳುತ್ತದೆ. ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದರೆ ಹೊಳೆಯುತ್ತದೆ, ಆದರೆ ಕೆಲವು ಕೆಂಪಗಾಗುತ್ತವೆ, ಎಂಟು ದಿನಕ್ಕೆ ಮತ್ತೆ ಕಪ್ಪು. ಬಂದೂಕಿನ ಖಾಲಿ ತೋಟಾಗಳನ್ನು ಸ್ಟೀಲ್ ಕಡ್ಡಿ, ನಿಂಬೆ ಉಪ್ಪು ಹಾಕಿ ಡ್ರಮ್ಮಿನಲ್ಲಿ ತಿರುಗಿಸಿ ಬಂಗಾರದಂತೆ ಮಾಡುವ ವಿಡಿಯೊ ನೋಡಿದೆ. ಗೆಜ್ಜೆಗೂ ಅದೇ ಮಾಡಬಹುದೆ? ರೈಸ್ ಮಿಲ್ಲಿನ ಹೊಟ್ಟು ಪುಕ್ಕಟೆ ಸಿಗುತ್ತದೆ, ಅದನ್ನು ಡ್ರಮ್ಮಿಗೆ ಹಾಕಬಹುದೆ? ಇನ್ನೊಂದು, ಗೊಬ್ಬರದ ಕೋಣೆಯಲ್ಲಿಟ್ಟ ಎರಡು ಹೊಸ ಕೊಡ ಯಾರೂ ಮುಟ್ಟದೆಯೇ ಸೀಳಿವೆ. ಪಕ್ಕದವರು ತಮ್ಮ ಲೈಸೆನ್ಸ್ ಬಂದೂಕಿನ ಖಾಲಿ ತೋಟಾಗಳನ್ನೂ ಹಾಕಿಕೊಡಿ ಎನ್ನುತ್ತಿದ್ದಾರೆ.

ಉತ್ತರ: ಡ್ರಮ್ ಮಾಡಿಕೊಳ್ಳಿ. ಆದರೆ ವಿಡಿಯೊದ ಹಸಿ ವಿಧಾನಕ್ಕೆ ಗೆಜ್ಜೆ ಹಾಕಬೇಡಿ. ಅಡ್ಡಿ ಇರುವುದು ಗೆಜ್ಜೆಯ ಹೊಟ್ಟೆಯಲ್ಲೇ: ಒಳಗಿನ ಗುಂಡು ಸಾಮಾನ್ಯವಾಗಿ ಕಬ್ಬಿಣದ್ದು. ಹುಳಿ ನೀರಿನಲ್ಲಿ ಹಿತ್ತಾಳೆಯಿಂದ ಸ್ವಲ್ಪ ತಾಮ್ರ ಕರಗಿಯೇ ಕರಗುತ್ತದೆ. ಅದೇ ನೀರಿನಲ್ಲಿ ಕಬ್ಬಿಣ ಇದ್ದರೆ ಕಬ್ಬಿಣ ಕರಗಿ, ತಾಮ್ರ ಮತ್ತೆ ಲೋಹವಾಗಿ ಮೇಲೆ ಕೂರುತ್ತದೆ. ಗುಂಡಿನ ಮೇಲಷ್ಟೇ ಅಲ್ಲ, ಗುಂಡು ತಾಗಿಕೊಂಡಿರುವ ಹಿತ್ತಾಳೆಯ ಮೇಲೂ. ನೀವು ನೋಡುತ್ತಿರುವ ಕೆಂಪಿನ ಒಂದು ಪಾಲು ಇದು. ಅಕ್ಕಸಾಲಿಗರು ಹುಳಿ ಪಾತ್ರೆಗೆ ಕಬ್ಬಿಣದ ಚಿಮಟ ಅದ್ದದಿರುವುದೂ ಇದೇ ಕಾರಣಕ್ಕೆ. ತೋಟಾ ತೊಳೆಯುವವರಿಗೆ ಈ ತೊಡಕಿಲ್ಲ, ಅವರ ಸಾಮಾನು ಒಳಗೂ ಹೊರಗೂ ಹಿತ್ತಾಳೆ. ಕಡ್ಡಿ ಸ್ಟೇನ್‌ಲೆಸ್ ಸ್ಟೀಲಿನದು.

ಕೆಂಪಿನ ಇನ್ನೊಂದು ಪಾಲು ಹುಣಸೆಹಣ್ಣಿನದೇ. ಹಿತ್ತಾಳೆ ಎಂದರೆ ತಾಮ್ರ, ಸತುವಿನ ಮಿಶ್ರಣ. ತೋಟಾಕ್ಕೆ ಬಳಸುವುದು 70 ಪಾಲು ತಾಮ್ರ, 30 ಪಾಲು ಸತು. ಎರಕದ ಗಂಟೆ, ದೀಪಗಳಲ್ಲಿ ಸತು ಇನ್ನೂ ಹೆಚ್ಚಿರುವುದುಂಟು, ಜೊತೆಗೆ ಒಂದಿಷ್ಟು ಸೀಸ. ಹುಳಿಯಲ್ಲಿ ಬಹಳ ಹೊತ್ತು ಬಿಟ್ಟರೆ ಸತು ಮೊದಲು ಹೋಗಿ ಮೇಲ್ಮೈಯಲ್ಲಿ ತಾಮ್ರ ಉಳಿಯುತ್ತದೆ. ಸತು ಹೆಚ್ಚಿದ್ದಷ್ಟೂ ಇದು ಬೇಗ. ಹುಣಸೆಯ ಟಾರ್ಟಾರಿಕ್ ಆಮ್ಲ ಅಷ್ಟು ಕ್ರೂರಿಯಲ್ಲ, ಅದರ ಜೊತೆ ಸೇರುವ ಉಪ್ಪು ಕ್ರೂರಿ. ಉಪ್ಪಿನ ಕ್ಲೋರೈಡ್ ಗೆಜ್ಜೆಯ ಸೀಳಿನಲ್ಲಿ, ಅಕ್ಷರ ಕೊರೆದ ಗೆರೆಗಳಲ್ಲಿ ಉಳಿದುಬಿಟ್ಟರೆ ಮೃಗಶಿರಾ ಮಳೆಯ ತೇವಕ್ಕೆ ಹಸಿರು ಕಿಲುಬು ಎದ್ದುಕೊಳ್ಳುತ್ತದೆ. ಎಂಟು ದಿನಕ್ಕೆ ಕಪ್ಪಾಗುವುದಕ್ಕೂ ಇದೇ ಮೂಲ: ಹುಳಿ ತಿಂದ ಮೇಲ್ಮೈ ಒರಟು, ಒರಟಾದದ್ದು ಬೇಗ ಮಾಸುತ್ತದೆ, ಮೇಲೆ ಯಾವ ರಕ್ಷಣೆಯೂ ಇಲ್ಲ. ಮನೆಯಲ್ಲಿ ಎರಡು ದೀಪ ತಿಕ್ಕುವುದಕ್ಕೆ ಹುಣಸೆಹಣ್ಣು ಸಾಕು. ದಿನಕ್ಕೆ 20 ಕೆಜಿ ಕೆಲಸ ಮಾಡುವವರು ಉಪ್ಪನ್ನು ಪೂರ್ತಿ ಬಿಡುವುದೇ ಲೇಸು.

ಡ್ರಮ್ಮಿಗಿಂತ ಮೊದಲು ಒಂದು ಆಯಸ್ಕಾಂತ ಕೊಳ್ಳಿ. ಬಂದ ಸಾಮಾನನ್ನೆಲ್ಲ ಅದಕ್ಕೆ ತೋರಿಸಿ ನಾಲ್ಕು ಗುಂಪು ಮಾಡಿ. ಮೈಗೆಲ್ಲ ಅಂಟಿದರೆ ಅದು ಹಿತ್ತಾಳೆ ಬಣ್ಣದ ಲೇಪ ಕೊಟ್ಟ ಕಬ್ಬಿಣ. ಅದನ್ನು ಡ್ರಮ್ಮಿಗೆ ಹಾಕಿದರೆ ಲೇಪ ಹೋಗಿ ಗಿರಾಕಿಯ ಜೊತೆ ಜಗಳ. ಒದ್ದೆ ಬಟ್ಟೆಯಲ್ಲಿ ಒರೆಸಿ ವಾಪಸ್ ಕೊಡಿ. ಒಳಗಿನ ಗುಂಡು ಮಾತ್ರ ಎಳೆದರೆ ಗೆಜ್ಜೆಯ ಗುಂಪು, ಇದಕ್ಕೆ ಒಣ ವಿಧಾನ. ಗಂಟೆಯ ನಾಲಿಗೆ ಅಂಟಿದರೆ ಕೊಕ್ಕೆ ಬಿಡಿಸಿ ನಾಲಿಗೆ ಬೇರೆ ಇಡಿ. ಎಲ್ಲಿಯೂ ಅಂಟದ ದೀಪ, ಗಂಟೆ, ಗಿಂಡಿ ಹಸಿ ವಿಧಾನಕ್ಕೆ. ಇವುಗಳಲ್ಲಿ ಕಂಚಿನ ಗಂಟೆ ಇದ್ದರೆ ಅದನ್ನೂ ಪಕ್ಕಕ್ಕೆ ಸರಿಸಿ. ಗಂಟೆಯ ಕಂಚಿನಲ್ಲಿ 20ರ ಸುಮಾರು ಪಾಲು ತವರ ಇರುತ್ತದೆ, ನಾದ ಉದ್ದ, ಆದರೆ ಗಾಜಿನಂತೆ ಬಿರುಸು. ಡ್ರಮ್ಮಿನಲ್ಲಿ ಭಾರದ ಸಾಮಾನಿನ ಪೆಟ್ಟು ತಿಂದು ಕೂದಲೆಳೆಯಷ್ಟು ಬಿರುಕು ಬಿಟ್ಟರೂ ನಾದ ಸತ್ತುಹೋಗುತ್ತದೆ. ಕಂಚಿಗೆ ಕೈಕೆಲಸವೇ.

ನಂತರ ಜಿಡ್ಡು. ಹೆಚ್ಚಿನವರು ಎಡವುವುದು ಇಲ್ಲೇ, ನೇರ ಹುಳಿಗೆ ಹಾಕುತ್ತಾರೆ. ದೀಪದ ಎಣ್ಣೆ ವರ್ಷಗಟ್ಟಲೆ ಕಾಯ್ದು ವಾರ್ನಿಶಿನಂತೆ ಗಟ್ಟಿಯಾಗಿರುತ್ತದೆ, ಹುಳಿ ಅದರೊಳಗೆ ಇಳಿಯುವುದಿಲ್ಲ. ಜಿಡ್ಡಿಲ್ಲದ ಕಡೆ ಮಾತ್ರ ತಿಂದು ಚುಕ್ಕೆಚುಕ್ಕೆ ಮಾಡುತ್ತದೆ. ಲೀಟರ್ ನೀರಿಗೆ 50 ಗ್ರಾಂ ವಾಷಿಂಗ್ ಸೋಡಾ, ಕೈ ಸಹಿಸದಷ್ಟು ಬಿಸಿ, ಅಂದರೆ 70 ಡಿಗ್ರಿ ಸುತ್ತ, 15 ನಿಮಿಷ. ಸ್ಟೀಲ್ ಪಾತ್ರೆ ಬಳಸಿ. ಸೋಡಾ ಅಲ್ಯೂಮಿನಿಯಂ ತಿನ್ನುತ್ತದೆ. ಕಾಸ್ಟಿಕ್ ಸೋಡಾ ಬೇಡ, ಅದು ಸತುವನ್ನೂ ಬಿಡುವುದಿಲ್ಲ, ನಿಮ್ಮ ಕೈಯನ್ನೂ ಬಿಡುವುದಿಲ್ಲ. ಕಬ್ಬಿಣದ ಗುಂಡಿಗೆ ಸೋಡಾ ನೀರಿನಿಂದ ತೊಂದರೆಯಿಲ್ಲ, ಹಾಗಾಗಿ ಸಗಣಿ, ಬೆವರು, ಹಳೆ ಎಣ್ಣೆ ಹಿಡಿದ ಗೆಜ್ಜೆಗಳಿಗೂ ಇದು ನಡೆಯುತ್ತದೆ. ಚರ್ಮದ ಪಟ್ಟಿಯಿಂದ ಮೊದಲು ಬಿಚ್ಚಿಕೊಳ್ಳಿ. ತೊಳೆದ ಮೇಲೆ ಗೆಜ್ಜೆಯನ್ನು ಸೀಳು ಕೆಳಗೆ ಮಾಡಿ ಕೊಡವಿ, ಬಿಸಿ ಇರುವಾಗಲೇ ಬಿಸಿಲಿಗೆ ಹರಡಿ. ಗುಂಡಿಗೆ ತುಕ್ಕು ಹಿಡಿದರೆ ದನಿ ಮಂದವಾಗುತ್ತದೆ.

ಈಗ ಹಸಿ ಡ್ರಮ್. ತೋಟಾ ತೊಳೆಯುವವರ ಕಡ್ಡಿಯ ಅಳತೆ ಸಾಮಾನ್ಯವಾಗಿ 1.2 ಮಿ.ಮೀ. ದಪ್ಪ, 6.5 ಮಿ.ಮೀ. ಉದ್ದ. ಕಡ್ಡಿಗಳು ಉಜ್ಜುವುದಕ್ಕಿಂತ ಹೆಚ್ಚಾಗಿ ಸಾವಿರ ಕಡೆಯಿಂದ ಮೆಲ್ಲಗೆ ಬಡಿಯುತ್ತವೆ. ಕೊಳೆ ಉದುರುವುದು ಅದರಿಂದ, ಮೇಲ್ಮೈ ಹೊಳೆಯುವುದೂ ಅದರಿಂದಲೇ. 20 ಲೀಟರ್, 28 ಸೆಂ.ಮೀ. ವ್ಯಾಸದ ಗಟ್ಟಿ ಪ್ಲಾಸ್ಟಿಕ್ ಡ್ರಮ್ ಸಾಕು. ಕಬ್ಬಿಣದ ಡ್ರಮ್ ಬೇಡ, ಕಾರಣ ಮೇಲೆ ಹೇಳಿದ್ದೇ. ಒಳಗೆ 2-3 ಸೆಂ.ಮೀ. ಎತ್ತರದ ಮೂರು ರಬ್ಬರ್ ಅಡ್ಡಪಟ್ಟಿ ಕೂರಿಸಿ. ಇಲ್ಲದಿದ್ದರೆ ಸಾಮಾನು ತಳದಲ್ಲೇ ಜಾರುತ್ತಿರುತ್ತದೆ, ಉರುಳುವುದಿಲ್ಲ.

ವೇಗದ ಲೆಕ್ಕ ಊಹೆಗೆ ಬಿಡುವಂಥದ್ದಲ್ಲ. 42.3ನ್ನು ಡ್ರಮ್ಮಿನ ವ್ಯಾಸದ ವರ್ಗಮೂಲದಿಂದ ಭಾಗಿಸಿ, ವ್ಯಾಸ ಮೀಟರಿನಲ್ಲಿರಲಿ. ಬರುವ ಸಂಖ್ಯೆಯ ಸುತ್ತು ಒಂದು ನಿಮಿಷಕ್ಕೆ ತಿರುಗಿದರೆ ಸಾಮಾನೆಲ್ಲ ಗೋಡೆಗೆ ಅಂಟಿಕೊಂಡು ಡ್ರಮ್ಮಿನ ಜೊತೆಗೇ ತಿರುಗುತ್ತದೆ, ಕೆಲಸ ಆಗುವುದಿಲ್ಲ. 28 ಸೆಂ.ಮೀ.ಗೆ ಆ ಸಂಖ್ಯೆ 80. ಅದರ ಅರ್ಧ, ಅಂದರೆ 40ರ ಆಸುಪಾಸು ನಿಮಗೆ ಬೇಕಾದ ವೇಗ. ಕಾಲು ಎಚ್‌ಪಿ, 1440 ಸುತ್ತಿನ ಮೋಟರಿಗೆ 50 ಮಿ.ಮೀ. ಪುಲ್ಲಿ, ರೋಲರಿಗೆ 250 ಮಿ.ಮೀ. ಪುಲ್ಲಿ ಹಾಕಿದರೆ ರೋಲರ್ 288 ಸುತ್ತು. ರೋಲರ್ 4 ಸೆಂ.ಮೀ. ದಪ್ಪವಿದ್ದು ಅದರ ಮೇಲೆ ಡ್ರಮ್ ಮಲಗಿದರೆ ಡ್ರಮ್ 41 ಸುತ್ತು ತಿರುಗುತ್ತದೆ. ಸಿಂಧನೂರಿನಿಂದ ಬಳ್ಳಾರಿಯವರೆಗೆ ಯಾವ ಲೇತ್ ಅಂಗಡಿಯಲ್ಲೂ ಇಷ್ಟು ಮಾಡಿಕೊಡುತ್ತಾರೆ.

ಒಂದು ಸಲಕ್ಕೆ ಸಾಮಾನು 4 ಕೆಜಿ, ಕಡ್ಡಿ 5 ಕೆಜಿ, ಅವೆರಡರ ಮೇಲೆ ಎರಡು ಬೆರಳು ನಿಲ್ಲುವಷ್ಟು ನೀರು, ಸುಮಾರು 6 ಲೀಟರ್. ಪಾತ್ರೆ ತೊಳೆಯುವ ದ್ರವ 15 ಮಿ.ಲೀ. ಸಿಟ್ರಿಕ್ ಆಮ್ಲ, ಅಂದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು, 6 ಗ್ರಾಂ. ವಿಡಿಯೊಗಳಲ್ಲಿ ಚಿಟಿಕೆಯಷ್ಟೇ ಹಾಕುತ್ತಾರೆ, ಇದರ ಮೂರರಲ್ಲಿ ಒಂದು ಪಾಲು. ಅಲ್ಲಿನ ಮೆದು ನೀರಿಗೆ ಅದು ಸರಿ. ನಮ್ಮ ಕಡೆಯ ಗಡಸು ಬೋರ್‌ವೆಲ್ ನೀರಿನಲ್ಲಿ ಕ್ಷಾರತೆ ಲೀಟರಿಗೆ 400 ಮಿಲಿಗ್ರಾಂ ಇದ್ದರೆ, ಅದನ್ನು ತಣಿಸುವುದಕ್ಕೇ ಲೀಟರಿಗೆ ಅರ್ಧ ಗ್ರಾಂ ಸಿಟ್ರಿಕ್ ಖರ್ಚು. ಚಿಟಿಕೆ ಆಮ್ಲ ಸುಣ್ಣದ ಪಾಲಾಗಿ, ಸೋಪಿನ ನೀರಿನಲ್ಲಿ ಹಿತ್ತಾಳೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ‘ಹಾಕುವಾಗ ಹಳದಿ, ತೆಗೆದಾಗ ಸೀಸದ ಬಣ್ಣ’ ಎಂಬ ದೂರಿಗೆ ಬಹುಪಾಲು ಇದೇ ಕಾರಣ. ಕಾಲುವೆಯ ಇಲ್ಲವೆ ನಲ್ಲಿಯ ತುಂಗಭದ್ರಾ ನೀರಾದರೆ 3 ಗ್ರಾಂನಿಂದ ಶುರುಮಾಡಿ.

ಒಂದು ಗಂಟೆಗೆ ನಿಲ್ಲಿಸಿ ನೋಡಿ. ನೀರು ಇದ್ದಿಲಿನಂತೆ ಕಪ್ಪಗಿದ್ದರೆ ಗಾಬರಿ ಬೇಡ, ಬರಬೇಕಾದದ್ದೇ ಅದು. ಆ ನೀರನ್ನು ಬೇರೆ ತೊಟ್ಟಿಗೆ ಬಸಿದು ಹೊಸ ನೀರು, ಹೊಸ ದ್ರವ ಹಾಕಿ ಇನ್ನೊಂದು ಅರ್ಧ ಗಂಟೆ ತಿರುಗಿಸುವುದು, ಕಪ್ಪು ನೀರಿನಲ್ಲೇ ಮೂರು ಗಂಟೆ ಬಿಡುವುದಕ್ಕಿಂತ ಒಳ್ಳೆಯದು. ಹೆಚ್ಚು ಹೊತ್ತು ತಿರುಗಿಸಿದರೆ ತೆಳುವಾದ ಅಂಚುಗಳು ಬಡಿಸಿಕೊಂಡು ಮಡಚುತ್ತವೆ. ತೋಟಾದ ಬಾಯಿಗೆ ಆಗುವುದು ದೀಪದ ಬತ್ತಿಮೂಗಿಗೂ ಆಗುತ್ತದೆ. ಹೆಸರು ಕೊರೆದ ಗೆರೆ ಮೊಂಡಾಗುತ್ತದೆ. ಕಡ್ಡಿಯ ಇನ್ನೊಂದು ಚೇಷ್ಟೆ, ತೂತಿನಲ್ಲಿ ಎರಡೆರಡು ಜೊತೆಯಾಗಿ ಸಿಕ್ಕಿಕೊಳ್ಳುವುದು. ತೆಗೆದ ಮೇಲೆ ಪ್ರತಿ ತೂತು ಇಣುಕಿ ನೋಡಿ. ಚೆಲ್ಲಿದ ಕಡ್ಡಿಗಳನ್ನು ಆರಿಸಲು ಆಯಸ್ಕಾಂತ ಸಾಕು. ಎಳೆದು ಮಾಡಿದ ತಂತಿಯಾದ್ದರಿಂದ ಸ್ಟೇನ್‌ಲೆಸ್ ಆದರೂ ಅವು ಸ್ವಲ್ಪ ಅಂಟುತ್ತವೆ.

ಡ್ರಮ್ಮಿಗೆ ಹಿಡಿಸದ ದೊಡ್ಡ ದೀಪಸ್ತಂಭಗಳಿಗೆ ಅದ್ದುವ ವಿಧಾನ: ಲೀಟರಿಗೆ 10 ಗ್ರಾಂ ಸಿಟ್ರಿಕ್, ಉಗುರುಬೆಚ್ಚಗಿನ ನೀರು, 5ರಿಂದ 10 ನಿಮಿಷ, ಕಣ್ಣು ತೆಗೆಯದೆ. ಆಮೇಲೆ ಲೀಟರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಒಂದು ಮುಳುಗು, ಶುದ್ಧ ನೀರಿನಲ್ಲಿ ಎರಡು. ಈಗಾಗಲೇ ಕೆಂಪಾದದ್ದನ್ನು ಮತ್ತೆ ಹುಳಿಗೆ ಹಾಕಿದರೆ ಇನ್ನಷ್ಟು ಕೆಂಪು. ಮೇಲೆ ಕೂತ ತೆಳು ತಾಮ್ರವಾದರೆ ಇದೇ ಸಿಟ್ರಿಕ್ ನೀರಿಗೆ ಅಷ್ಟೇ ಪ್ರಮಾಣದ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ, ಕೈಗವಸು ಹಾಕಿಕೊಂಡು, ಗಾಳಿಯಾಡುವ ಜಾಗದಲ್ಲಿ 2-5 ನಿಮಿಷ ಅದ್ದಿದರೆ ಹೋಗುತ್ತದೆ. ಈ ಮಿಶ್ರಣವನ್ನು ಮುಚ್ಚಿದ ಬಾಟಲಿಯಲ್ಲಿ ಇಡಬೇಡಿ, ಅನಿಲ ತುಂಬಿ ಒಡೆಯುತ್ತದೆ. ಸತು ಆಳದವರೆಗೆ ಹೋಗಿದ್ದರೆ ಮಾತ್ರ ಯಾವ ದ್ರವವೂ ಅದನ್ನು ಮರಳಿ ತರದು, ಬಫಿಂಗ್, ಅಂದರೆ ತಿರುಗುವ ಬಟ್ಟೆಯ ಚಕ್ರಕ್ಕೆ ಒತ್ತಿ ಉಜ್ಜುವುದು, ಒಂದೇ ದಾರಿ.

ಇನ್ನು ಗೆಜ್ಜೆಯ ಒಣ ಡ್ರಮ್. ನೀವು ಕೇಳಿದ ಭತ್ತದ ಹೊಟ್ಟು ಇಲ್ಲಿಗೆ ಬರುತ್ತದೆ. ಹೊಟ್ಟಿನಲ್ಲಿ ಸಿಲಿಕಾ ಇದೆ, ಉಜ್ಜುವ ಗುಣವೂ ಇದೆ. ಆದರೆ ತೂಕ ಇಲ್ಲ. ಒಂದು ಲೀಟರ್ ಹೊಟ್ಟು 100-150 ಗ್ರಾಂ ತೂಗಿದರೆ ಹೆಚ್ಚು. ಗೆಜ್ಜೆಗಳು ಅದರೊಳಗೆ ಕಲ್ಲಿನಂತೆ ಮುಳುಗಿ ತಳ ಸೇರಿ ಒಂದಕ್ಕೊಂದು ಬಡಿದುಕೊಳ್ಳುತ್ತವೆ, ಹೊಟ್ಟು ಮೇಲೆ ತೇಲುತ್ತದೆ. ಒತ್ತಡವಿಲ್ಲದೆ ಉಜ್ಜುವಿಕೆ ಇಲ್ಲ. ಮಿಲ್ಲಿನ ಬಾಯ್ಲರಿನಿಂದ ಬರುವ ಹೊಟ್ಟಿನ ಬೂದಿಯನ್ನಂತೂ ಡ್ರಮ್ಮಿಗೆ ಹಾಕಲೇಬೇಡಿ. ಹೆಚ್ಚು ಶಾಖದಲ್ಲಿ ಸುಟ್ಟ ಸಿಲಿಕಾ ಹರಳುಗಟ್ಟಿರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ವಿಷ, ಹಿತ್ತಾಳೆಗೂ ಗೀರು. ಮಿಲ್ಲಿನಿಂದ ನಿಮಗೆ ಉಪಯೋಗಕ್ಕೆ ಬರುವುದು ತೌಡು, ಅದರ ಮಾತು ಮುಂದೆ.

ಒಣ ವಿಧಾನಕ್ಕೆ ತೋಟಾದವರು ದುಡ್ಡು ಕೊಟ್ಟು ತರಿಸುವ ಮಾಲು ನಿಮ್ಮ ಹೊಲದ ಬದುವಿನಲ್ಲಿ ಬಿದ್ದಿದೆ: ಮೆಕ್ಕೆಜೋಳದ ಬೆಂಡು. ಕಾಳು ಉದುರಿಸಿದ ಬೆಂಡಿನ ನಡುವಿನ ತಿರುಳು ಹತ್ತಿಯಂತೆ ಮೆತ್ತಗೆ, ಹೊರಗಿನ ಹೊಟ್ಟು ಹಗುರ. ಎರಡರ ನಡುವೆ ಇರುವ ಕಟ್ಟಿಗೆಯಂಥ ಬಳೆಯೇ ಕೆಲಸದ ಭಾಗ. ಕೊಪ್ಪಳ ಸೀಮೆಯಲ್ಲಿ ಬೆಂಡಿಗೆ ಬರವಿಲ್ಲ. ಮೇ ಬಿಸಿಲಲ್ಲಿ ಎಂಟು ದಿನ ಒಣಗಿಸಿ, ಮುರಿದರೆ ಚಟ್ಟೆಂದು ಸದ್ದು ಬರಬೇಕು. ದನದ ಹಿಂಡಿ ಮಾಡುವ ಹ್ಯಾಮರ್ ಮಿಲ್ಲಿನಲ್ಲಿ 3 ಮಿ.ಮೀ. ಜಾಲರಿ ಹಾಕಿಸಿ ಪುಡಿಮಾಡಿಸಿ, ಕಲ್ಲಿನ ಗಿರಣಿಯಲ್ಲಿ ಹಿಟ್ಟಾಗಿಬಿಡುತ್ತದೆ. ಗಾಳಿಗೆ ತೂರಿದರೆ ತಿರುಳೂ ಹೊಟ್ಟೂ ಹಾರಿಹೋಗುತ್ತವೆ. ಉಳಿದ ಬೆಂಡಿನ ಚೂರನ್ನು ಜರಡಿ ಹಿಡಿಯಿರಿ. ಮುಂದೆ ಕಾಳು ಎನ್ನುವುದು ಈ ಚೂರನ್ನೇ.

ಯಾವ ಜರಡಿ ಎಂಬುದನ್ನು ಗೆಜ್ಜೆಯ ಸೀಳು ಹೇಳಬೇಕು. ತೋಟಾದ ತಳದಲ್ಲಿ ಕಿಡಿ ದಾಟುವ ತೂತು 2 ಮಿ.ಮೀ. ಅಗಲ. ಅದಕ್ಕೆ 0.85ರಿಂದ 1.4 ಮಿ.ಮೀ. ಕಾಳು ಬಳಸಿದವರು ಎರಡು ಕಾಳು ಒಟ್ಟಿಗೆ ಸಿಕ್ಕಿ ತೂತು ಮುಚ್ಚಿತೆಂದು ಗೋಳಾಡುತ್ತಾರೆ. ಕಾಳು ಸೀಳಿನ ಮೂರರಲ್ಲಿ ಒಂದು ಪಾಲಿಗಿಂತ ಸಣ್ಣದಿರಲಿ, ಇಲ್ಲವೇ ಸೀಳಿಗಿಂತ ದೊಡ್ಡದಿರಲಿ, ನಡುವಿನದು ತೊಂದರೆ. ಎತ್ತಿನ ಗೆಜ್ಜೆಯ ಸೀಳು 3-4 ಮಿ.ಮೀ. ಇದ್ದರೆ 1 ಮಿ.ಮೀ. ಒಳಗಿನ ಕಾಳು ಹಾಕಿ. ಒಳಗೆ ಹೋದದ್ದು ಅಲುಗಾಡಿಸಿದರೆ ಉದುರುತ್ತದೆ, ಒಳಮೈಯೂ ಸ್ವಚ್ಛವಾಗುತ್ತದೆ. ಸಣ್ಣ ಕಾಲ್ಗೆಜ್ಜೆಯ ಸೀಳು ಒಂದೂವರೆ ಮಿ.ಮೀ. ಇದ್ದರೆ ಒಳಗೆ ಹೋಗಲಾರದ 2-3 ಮಿ.ಮೀ. ಕಾಳು.

ಡ್ರಮ್ಮಿನ ಅರ್ಧದಿಂದ ಮೂರನೇ ಎರಡರಷ್ಟು ತುಂಬಬೇಕು, ಅಳತೆಯಲ್ಲಿ ಎರಡು ಪಾಲು ಕಾಳಿಗೆ ಒಂದು ಪಾಲು ಗೆಜ್ಜೆ. ಗೆಜ್ಜೆ ಹಾಕುವ ಮೊದಲು 5 ಲೀಟರ್ ಕಾಳಿಗೆ ಒಂದು ದೊಡ್ಡ ಚಮಚ ವಾಹನದ ದ್ರವ ಮೇಣ ಬೆರೆಸಿ ಕಾಲು ಗಂಟೆ ಬರಿದೇ ತಿರುಗಿಸಿ. ಈ ಕಾಲು ಗಂಟೆ ಉಳಿಸಲು ಹೋದವರ ಗೆಜ್ಜೆಯೊಳಗೆ ಮೇಣದ ಉಂಡೆ ಕೂತಿರುತ್ತದೆ. ಒದ್ದೆ ಹಳೆ ಪಂಚೆಯ ಎರಡು ತುಂಡನ್ನು ಹಿಂಡಿ ಒಳಗೆ ಬಿಟ್ಟರೆ ಧೂಳು ಅದಕ್ಕೆ ಹತ್ತಿಕೊಳ್ಳುತ್ತದೆ, ಪ್ರತಿ ಸಲ ಬದಲಿಸಿ. ಉರುಳುವ ಡ್ರಮ್ಮಿನಲ್ಲಿ ಒಣ ಕೆಲಸ ನಿಧಾನ, 6-8 ಗಂಟೆ ಹಿಡಿಯುತ್ತದೆ. ಕಂಪಿಸುವ ಬಟ್ಟಲಿನ ಯಂತ್ರವಾದರೆ 2-4 ಗಂಟೆ. ರಾತ್ರಿ ಹಾಕಿ ಬೆಳಗ್ಗೆ ತೆಗೆಯುವುದಾದರೆ ಡ್ರಮ್ಮೇ ಸಾಕು. ಕಾಳು ಕಪ್ಪಾಗಿ ಕೈಗೆ ಮಸಿ ಹತ್ತತೊಡಗಿದಾಗ ಬದಲಿಸಿ.

ಈ ಧೂಳಿನಲ್ಲಿ ಸೀಸ ಇರುತ್ತದೆ, ಎರಕದ ಹಿತ್ತಾಳೆಯದು. ಡ್ರಮ್ ತೆರೆಯುವಾಗ, ಜರಡಿ ಹಿಡಿಯುವಾಗ ಎನ್-95 ಮುಖಗವಸು, ಊಟಕ್ಕೆ ಮೊದಲು ಸೋಪು ಹಚ್ಚಿ ಕೈ ತೊಳೆಯುವುದು. ಬಳಸಿದ ಕಾಳನ್ನು ದನದ ಮುಂದೆ ಹಾಕುವುದು, ಒಲೆಗೆ ಹಾಕುವುದು ಎರಡೂ ಕೂಡದು.

ಹಸಿ ವಿಧಾನದಿಂದ ತೆಗೆದದ್ದಕ್ಕೆ ಕೊನೆಯ ನೀರು ಮಳೆನೀರೋ ಆರ್‌ಒ ನೀರೋ ಆಗಿರಲಿ. ಬೋರ್‌ವೆಲ್ ನೀರು ಒಣಗಿದಲ್ಲಿ ಬಿಳಿ ಸುಣ್ಣದ ಚುಕ್ಕೆ ಬಿಡುತ್ತದೆ, ಅದನ್ನು ಕೊಳೆ ಎಂದುಕೊಂಡು ಮತ್ತೆ ತಿಕ್ಕುತ್ತಾ ಕೂರುತ್ತೀರಿ. ನೀರು ಬಸಿದ ಕೂಡಲೇ ತೌಡಿನಲ್ಲಿ ಹೊರಳಿಸಿ. ತೌಡು ತೇವ ಹೀರುತ್ತದೆ, ಅದರಲ್ಲಿರುವ ಎಣ್ಣೆ ತೆಳುವಾಗಿ ಹಚ್ಚಿಕೊಳ್ಳುತ್ತದೆ. ಎಣ್ಣೆ ತೆಗೆದ ತೌಡು ಬೇಡ, ತಾಜಾ ತೌಡೇ ಬೇಕು. ಕಮಟು ವಾಸನೆ ಬಂದರೆ ಎಸೆಯಿರಿ, ಕೆಟ್ಟ ಎಣ್ಣೆಯ ಆಮ್ಲವೇ ಹಸಿರು ಬರಿಸುತ್ತದೆ. ಅಲ್ಲಿಂದ ಮುಂದೆ ಬರಿಗೈ ಸೋಕಿಸಬೇಡಿ. ಬೆವರಿನ ಬೆರಳಚ್ಚು ವಾರದಲ್ಲಿ ಕಂದು ಮುದ್ರೆಯಾಗಿ ಏಳುತ್ತದೆ. ಅಂಗಡಿಯಲ್ಲಿ ಕಟ್ಟಿಡುವಾಗ ರಬ್ಬರ್ ಬ್ಯಾಂಡ್ ಹಾಕಬೇಡಿ, ರಬ್ಬರಿನ ಗಂಧಕ ಕರಿ ಗೆರೆ ಬಿಡುತ್ತದೆ. ದೀಪದ ಕಂಬಕ್ಕೆ ಮೇಣದ ಒರೆತ ಸಾಕು. ಎತ್ತಿನ ಸಾಮಾನಿಗೆ ಲ್ಯಾಕರ್ ಹೊಡೆಯಬೇಡಿ, ಕೊರಳ ತಿಕ್ಕಾಟಕ್ಕೆ ಅಲ್ಲಲ್ಲಿ ಎದ್ದು ಅದರಡಿ ಕಿಲುಬು ಹರಿದಾಡುತ್ತದೆ.

ಸೀಳಿದ ಕೊಡಗಳ ವಿಷಯ. ಇದರ ಹೆಸರು ಸೀಸನ್ ಕ್ರ್ಯಾಕಿಂಗ್, ಹೆಸರು ಬಂದದ್ದು ನಮ್ಮ ಮಳೆಗಾಲದಿಂದ ಎಂದು ಹೇಳುವುದುಂಟು. ಬ್ರಿಟಿಷರ ಕಾಲದಲ್ಲಿ ಭಾರತದ ದಂಡಿನ ಠಾಣ್ಯಗಳಲ್ಲಿ ಮಳೆಗಾಲ ಮುಗಿಯುವವರೆಗೆ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ತೆಗೆದಾಗ ಹಿತ್ತಾಳೆ ಬಿರಿದಿರುತ್ತಿತ್ತು. ಕಾರಣ ಬಿಡಿಸಿದ್ದು 1921ರಲ್ಲಿ, ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ಸಂಶೋಧಕರು: ಕುದುರೆ ಉಚ್ಚೆಯಿಂದ ಏಳುವ ಅಮೋನಿಯಾ ಮತ್ತು ತಗಡನ್ನು ಎಳೆದು ರೂಪ ಕೊಡುವಾಗ ಲೋಹದೊಳಗೆ ಉಳಿದ ಬಿಗಿತ. ಎರಡೂ ಸೇರಬೇಕು, ಜೊತೆಗೆ ತೇವ. ನಿಮ್ಮ ಕೋಣೆಯಲ್ಲಿ ಕುದುರೆಯ ಬದಲು ಯೂರಿಯಾ ಇದೆ. ಒಡೆದ ಚೀಲದಿಂದ ನೆಲಕ್ಕೆ ಚೆಲ್ಲಿದ ಯೂರಿಯಾ ತೇವ ಹೀರಿ, ಮಣ್ಣಿನ ಸೂಕ್ಷ್ಮಜೀವಿಗಳ ಕೈಯಲ್ಲಿ ಅಮೋನಿಯಾ ಆಗುತ್ತದೆ. ಬಡಿದು, ತಿರುಗಿಸಿ ಮಾಡಿದ ಹೊಸ ಕೊಡದಲ್ಲಿ ಬಿಗಿತ ಹೆಚ್ಚು. ಸೀಳು ಕಂಠದಲ್ಲೋ ತಳದ ತಿರುವಿನಲ್ಲೋ ಬಂದಿರಬೇಕು. ತಯಾರಾದ ಮೇಲೆ 250-300 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದ್ದರೆ ಬಿಗಿತ ಸಡಿಲಿಸುತ್ತಿತ್ತು. ತೋಟಾದ ಕತ್ತಿನಲ್ಲಿ ಕಾಣುವ ನೀಲಿಗಂದು ಛಾಯೆ ಬಿಗಿತ ಸಡಿಲಿಸಲು ಕಾಯಿಸಿದ ಗುರುತೇ. ಸೀಳಿದ್ದಕ್ಕೆ ಬೆಸುಗೆ ಹಾಕಿದರೆ ಪಕ್ಕದಲ್ಲಿ ಇನ್ನೊಂದು ಸೀಳುತ್ತದೆ, ಹಳೆ ಹಿತ್ತಾಳೆಯ ದರಕ್ಕೆ ಹಾಕಿಬಿಡಿ. ಮುಚ್ಚಳ ತೆಗೆದೊಡನೆ ಮೂಗಿಗೆ ಘಾಟು ಹೊಡೆಯುವ ಪಾಲಿಶ್ ದ್ರವಗಳಲ್ಲೂ ಅಮೋನಿಯಾ ಇರುತ್ತದೆ. ತಗಡಿನಿಂದ ಒತ್ತಿ ಮಾಡಿದ ಗೆಜ್ಜೆಗೆ ಅವನ್ನು ಸೋಕಿಸಬೇಡಿ. ಎರಕದ್ದು ಅಷ್ಟು ಹೆದರುವುದಿಲ್ಲ, ಆದರೂ ಕೊಟ್ಟಿಗೆಯ ಗೂಟಕ್ಕೆ ವರ್ಷವಿಡೀ ನೇತುಹಾಕದಿರುವುದು ಮೇಲು.

ಪಕ್ಕದವರ ಖಾಲಿ ತೋಟಾಗಳನ್ನು ಹಾಕಿಕೊಳ್ಳಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಕಲಮಿನಲ್ಲಿ ಮದ್ದುಗುಂಡು ಎಂದರೆ ಅದರ ಬಿಡಿಭಾಗಗಳೂ ಸೇರಿವೆ, ತಯಾರಿಕೆಗೆ 5ನೇ ಕಲಮಿನ ಪ್ರತ್ಯೇಕ ಲೈಸೆನ್ಸ್ ಬೇಕು. ಬಂದೂಕಿನ ಲೈಸೆನ್ಸ್ ಅವರದು, ನಿಮ್ಮದಲ್ಲ. ಅವರು ಏನು ಇಟ್ಟುಕೊಳ್ಳಬಹುದು, ಏನು ಮಾಡಬಹುದು ಎಂಬುದನ್ನು ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರ ಲೈಸೆನ್ಸ್ ವಿಭಾಗದಲ್ಲಿ ಅವರೇ ಕೇಳಿಕೊಳ್ಳಲಿ. ಕಾನೂನು ಬಿಟ್ಟರೂ, ತೋಟಾದ ತಳದಲ್ಲಿ ಕಿಡಿ ಹೊತ್ತಿಸುವ ಕ್ಯಾಪ್ ಸಿಡಿದ ಮಸಿಯಲ್ಲಿ ಸೀಸ ಇರುತ್ತದೆ. ಅದು ಡ್ರಮ್ಮಿಗೆ ಬಂದರೆ ಮುಂದಿನ ಸರದಿಯ ಆರತಿ ತಟ್ಟೆಗೂ ಹತ್ತುತ್ತದೆ.

ಕೊನೆಗೆ ಡ್ರಮ್ಮಿನ ಕಪ್ಪು ನೀರು. ಅದರಲ್ಲಿ ತಾಮ್ರ, ಸತು, ಸೀಸ ಮೂರೂ ಇವೆ. ಗದ್ದೆಯ ಕಾಲುವೆಗಾಗಲಿ ಚರಂಡಿಗಾಗಲಿ ಬಿಡಬೇಡಿ. ಸುಣ್ಣ ಹಾಕಿ ತಳಕ್ಕೆ ಕೂರಿಸುತ್ತೇವೆ ಎಂದರೆ ಪೂರ್ತಿ ಕೂರುವುದಿಲ್ಲ, ಸಿಟ್ರಿಕ್ ಆಮ್ಲ ತಾಮ್ರವನ್ನು ಹಿಡಿದಿಟ್ಟುಕೊಂಡಿರುತ್ತದೆ. ಅಗಲ ಬಾಯಿಯ ಪ್ಲಾಸ್ಟಿಕ್ ತೊಟ್ಟಿಯಲ್ಲಿ ದನ, ಮಕ್ಕಳು ಸೇರದ ಕಡೆ ಜಾಲರಿ ಮುಚ್ಚಿ ಮಾಳಿಗೆಯ ಮೇಲಿಡಿ. ನಮ್ಮ ಬೇಸಿಗೆಗೆ ಬೇಗ ಆರಿ ತಳದಲ್ಲಿ ಹಸಿರುಗಪ್ಪು ಪುಡಿ ಉಳಿಯುತ್ತದೆ. ಅದನ್ನು ಕೆರೆದು ಡಬ್ಬಿಗೆ ತುಂಬಿ, ಮೇಲೆ ‘ವಿಷ’ ಎಂದು ಬರೆದಿಡಿ.